ಬಹುವಚನ

ಕಾರಟಗಿ ಠಾಣೆಯ ಮಾಳಿಗಿ ಮ್ಯಾಲೆ, ತಗಡಿನ ಶೆಡ್ಡಿನಾಗ
ಇಪ್ಪತ್ತೆರಡು ಮಂದಿ ನಾವು, ಎರಡು ಫ್ಯಾನು.
ಅಕ್ಕಿ ಗಿರಣಿಯ ತೌಡು ಗಾಳಿಗುಂಟ ಬಂದು
ಹಾಜರಿ ಹಾಳಿ ಮ್ಯಾಲೆ ಕೂಡ್ತಿತ್ತು.
ಹಾಳಿ ಹಾರಬಾರದಂತ ರೈಟರು ಇಟ್ಟಿದ್ದ
ಒಂದು ತೂಕದ ಕಲ್ಲು, ಅರ್ಧ ಕೆಜೀದು,
ಆರು ಮೂಲಿಯೊಳಗ ಒಂದು ಮುಕ್ಕಾದದ್ದು.
ಗದ್ದಲಾದಾಗೆಲ್ಲ ಕೊಪ್ಪಳದಿಂದ ಬಂದ ಅಕ್ಕೋರು
ಅದನ್ನ ಎತ್ತಿ ಟೇಬಲ್ಲಿಗೆ ಕುಟ್ಟತಿದ್ರು.

"ಬಾ ಅನ್ನಬಾರದು, ಬರ್ರಿ ಅನ್ನಬೇಕು.
ಏನಲೇ ಅಲ್ಲ, ಏನ್ರೀ. ಎಲ್ಲಾರೂ ಅನ್ರಿ."
ಅಂದ್ವಿ, ಸಾಲಿ ಹುಡುಗರು ಮಗ್ಗಿ ಒಪ್ಪಿಸಿದಂಗ.
ಇಪ್ಪತ್ತೇಳು ವರ್ಷದ ಸರ್ವೀಸು ನಂದು.
ಸಾಹೇಬರಿಗೆ, ಅವರ ಮನಿಯವರಿಗೆ, ಒಮ್ಮೊಮ್ಮೆ ಅವರ ನಾಯಿಗೂ
ರೀ ಹಚ್ಚಿದ ನಾಲಿಗಿ.
ಮೆಟ್ಟಿಲ ಕೆಳಗ ನಿಂತೋರಿಗೆ ಹಚ್ಚಾಕ ಹೋದ್ರ
ಅನ್ನದಾಗಿನ ಹಳ್ಳು ಹಲ್ಲಿಗೆ ಸಿಕ್ಕಂಗಾತು.

ಮರುದಿನ ನಾಟಕ.
ನಾನು ಫಿರ್ಯಾದಿ, ಹೋತು ಕಳಕೊಂಡಾವ.
ಮೊನ್ನೆ ಮೊನ್ನೆ ಸೇರಿದ ಹುಡುಗ ಯಮನೂರ
ಹೆಡ್ ಕಾನ್ಸ್‌ಟೇಬಲ್ ಪಂಪಾಪತಿ, ಅಂದ್ರ ನಾನು.
ಕುರ್ಚಿ ಹಿಂದಕ್ಕ ಸರಿಸಿದ, ಟೋಪಿ ತೊಡಿ ಮ್ಯಾಲಿಟ್ಟ,
ಅಡಕಿ ಚೂರು ದವಡಿಗೆ ಒತ್ತಿ
ಮಾರಿ ನೋಡದ ಅಂದ: "ನಾಳಿ ಬಾ."
ತಗಡು ಹಾರೋವಂಗ ನಕ್ಕರು. ನಾನೂ ನಕ್ಕೆ.
ಎಲ್ಲಿ ಕಲಿತಿ ಅಂತ ಯಾರೂ ಅವನ್ನ ಕೇಳಲಿಲ್ಲ.
ಅಕ್ಕೋರು ಕಲ್ಲು ಕುಟ್ಟಿದ್ರು.

ಮುಂದಿನ ವಾರ ಹಮಾಲರ ಓಣಿ.
ಮನಿ ಮನಿಗೆ ಹೋಗಿ, ಫಾರಂ ತುಂಬಿ, ನಂಬರು ಕೊಟ್ಟು
"ಇದು ನಿಮ್ಮ ಠಾಣೆ, ಅಂಜಬ್ಯಾಡ್ರಿ" ಅನ್ನಬೇಕಿತ್ತು.
ಬೂಟಿನ ಸಪ್ಪಳಕ್ಕ ಕ್ಯಾರಂ ಆಡೋ ಹುಡುಗರು
ಗೋಡಿ ಜಿಗಿದು ಓಡಿದ್ರು.
ಬೋರ್ಡಿನ ಮ್ಯಾಲೆ ಸ್ಟ್ರೈಕರು ಇನ್ನೂ ತಿರುಗತಿತ್ತು.

ಹುಲಿಗೆಮ್ಮ ಬಾಗಿಲಿಗೆ ಅಡ್ಡ ನಿಂತು
ನಾ ಬಾಯಿ ತೆಗಿಯೂದರೊಳಗ
"ಮಗ ಊರಾಗಿಲ್ಲ" ಅಂದಳು.
"ಮಗನ್ನ ಕೇಳಾಕ ಬಂದಿಲ್ರೀ. ನೀವು ಹ್ಯಾಂಗದೀರಿ?
ಏನರ ತೊಂದ್ರಿ ಐತೇನ್ರಿ?"
ಒಂದು ಹೆಜ್ಜಿ ಹಿಂದ ಸರದಳು.
"ಹಿಂಗ ಮಾತಾಡಬ್ಯಾಡೋ ಯಪ್ಪಾ, ಎದಿ ಝಲ್ ಅಂತೈತಿ.
ಲೇ ಅಂದ್ರ ಮುಂದಿಂದು ಗೊತ್ತಿರತಿತ್ತು.
ರೀ ಅಂದಮ್ಯಾಲೆ ಏನು ಮಾಡ್ತೀರೋ!"

ಇದಕ್ಕ ಅಕ್ಕೋರು ಏನೂ ಬರೆಸಿರಲಿಲ್ಲ.
ಕಟ್ಟಿ ಮ್ಯಾಲೆ ಕುಂತೆ.
ಬೂಟು ಬಿಚ್ಚಬೇಕೋ ಬ್ಯಾಡೋ ತಿಳೀಲಿಲ್ಲ.
ಚೊಂಬು ನೀರು ತಂದಿಟ್ಟು ದೂರ ನಿಂತಳು.
ಬಹಳ ಹೊತ್ತಿನ ಮ್ಯಾಲೆ,
"ನಿಮ್ಮ ಬೆಂಚಿಗೆ ಮೊಳಿ ಎದ್ದೈತಿ, ಬಡಸ್ರಿ.
ಅವತ್ತು ನನ್ನ ಸೀರಿ ಹರೀತು."

"ಯಾವತ್ತು?"

"ಆರು ವರ್ಷಾತು. ಸಂತಿ ದಿನ ರಸ್ತಾ ಬಿಡಸ್ತೀವಂತ ಜೀಪಿನಾಗ ಬಂದು
ನನ್ನ ತಕ್ಕಡಿ, ಕಲ್ಲು, ಎಲ್ಲಾ ಎತ್ಕೊಂಡು ಹೋದ್ರಿ.
ಉಳ್ಳಾಗಡ್ಡಿ ಚೆಲ್ಲಿತು, ಚೆಲ್ಲಲಿ.
ನಾಕು ದಿನ ಬಂದೆ. ನಾಕೂ ದಿನ ನೀನs ಇದ್ದಿ.
ನಾಳಿ ಬಾ ಅಂದಿ."

ನೀನು ಅಂದಳು.
ಆಕಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ನನಗ ನೆನಪಿಲ್ಲ. ಸುಳ್ಳ್ಯಾಕ, ಖರೇನ ನೆನಪಿಲ್ಲ.
ಅಂಥಾ ನಾಕು ದಿನ ಬಹಳ ಅದಾವ ನನ್ನ ಹತ್ರ.
ಫಾರಮ್ಮಿನಾಗ ಹನ್ನೊಂದು ಕಾಲಂ:
ಹೆಸರು, ಸ್ವಂತ ಮನಿಯೋ ಬಾಡಗಿಯೋ,
ಸಿಸಿ ಕ್ಯಾಮೆರಾ ಐತೋ ಇಲ್ಲೋ.
ತಕ್ಕಡಿಗೆ ಕಾಲಂ ಇಲ್ಲ.
ಹಾಳಿ ಮಗ್ಗಲಾ ಹೊಳ್ಳಿಸಿ
ಖಾಲಿ ಬದಿ ಮೊಣಕಾಲ ಮ್ಯಾಲಿಟ್ಟುಕೊಂಡು ಕೇಳಿದೆ,
"ಕಲ್ಲು ಎಷ್ಟಿದ್ದೂರಿ?"

"ಮೂರು. ಕೆಜೀದೊಂದು, ಪಾವ್ ಕೆಜೀದೊಂದು,
ಮತ್ತ ಅರ್ಧ ಕೆಜೀದು.
ಅದರದು ಒಂದು ಮೂಲಿ ಮುಕ್ಕಾಗಿತ್ತು, ಗಿರಾಕಿಗಳು ಜಗಳಾಡತಿದ್ರು,
ತೂಕ ಕಮ್ಮಿ ಬರತೈತಂತ."

ಬರಕೊಂಡೆ.
ಯಾವ ಮೂಲಿ ಅಂತ ಕೇಳಲಿಲ್ಲ.
ಗಿರಣಿ ಕಡಿಯಿಂದ ಗಾಳಿ ಬಂತು,
ಹಾಳಿ ಎದ್ದಿತು.
ಅಂಗೈ ಒತ್ತಿ ಹಿಡಕೊಂಡು ಕುಂತೆ.