ಕೊನೆಯ ಬಾರಿ ಕಂಡದ್ದು

ಪರದೆ ಹೇಳುತ್ತದೆ: ಇನ್ನೂರಾ ಹದಿನಾಲ್ಕು.
ನಾನು ಎಣಿಸಿದ್ದು ಇನ್ನೂರಾ ಒಂಬತ್ತು, ಎರಡು ಸಲ,
ಒಮ್ಮೆ ಸ್ಕ್ಯಾನರಿನ ಕೆಂಪು ಗೆರೆಯಲ್ಲಿ,
ಒಮ್ಮೆ ಬೆರಳು ಮಡಚಿ, ಒಣಗಿದ ಹಪ್ಪಳ ಎಣಿಸುವ ಹಾಗೆ.

ಪೀಣ್ಯ ಎರಡನೇ ಹಂತ, ವಾಲ್ವು ಮಾಡುವ ಕಂಪನಿ.
ಹೊರಗೆ ಲೇತುಗಳ ಕಿರುಚು, ಸುಟ್ಟ ಎಣ್ಣೆಯ ವಾಸನೆ;
ಒಳಗೆ ನಾನು, ಮೇಜಿನಡಿ ತಲೆ ತೂರಿಸಿ
ಓದಿದ ಇಂಜಿನಿಯರಿಂಗಿನ ಪುಣ್ಯಕ್ಕೆ
ಸ್ಟಿಕ್ಕರು ಓದುತ್ತಿದ್ದೇನೆ.

ತಂತ್ರಾಂಶಕ್ಕೆ ಸುಳ್ಳು ಬರುವುದಿಲ್ಲ.
ಸತ್ತದ್ದನ್ನು ಸತ್ತಿತೆನ್ನುವ ಧೈರ್ಯವೂ ಇಲ್ಲ ಅದಕ್ಕೆ,
‘ಕೊನೆಯ ಬಾರಿ ಕಂಡದ್ದು’ ಎಂದು ತಾರೀಖು ಹಾಕಿ
ಸುಮ್ಮನಾಗುತ್ತದೆ, ಪೊಲೀಸ್ ಠಾಣೆಯ ಗೋಡೆಯ ಫೋಟೊಗಳ ಹಾಗೆ.
೦೦೮೮, ನಾನೂರಾ ಹನ್ನೊಂದು ದಿನದ ಹಿಂದೆ.
೦೧೩೧, ಅದಕ್ಕೂ ಮೊದಲು.
ಐದು ಗಂಟೆಯೊಳಗೆ ಪುಣೆಗೆ ವರದಿ ಹೋಗಬೇಕು.

“ಏನವ್ವ ಕಳಕಂಡೆ?”
ಹೊನ್ನಗಂಗಮ್ಮ, ಮಾಪಿನ ಕೋಲಿಗೆ ಗದ್ದ ಊರಿ.
ಐದು ಕಂಪ್ಯೂಟರು, ಎಂದೆ.

ಅವಳು ನಗಲಿಲ್ಲ.
ಆಯುಧಪೂಜೆಯಲ್ಲಿ ಕುಂಕುಮ ಇಡುವುದು ಅವಳ ಕೈ,
ಹದಿನಾರು ವರ್ಷದಿಂದ, ಒಂದೊಂದು ಡಬ್ಬಿಗೂ ಒಂದೊಂದು ಬೊಟ್ಟು.
ಇಟ್ಟ ಬೆರಳಿಗೆ ಹಣೆ ಮರೆತೀತೆ?

“ಸ್ಟೋರಿನ ರುದ್ರೇಶಿ ಕೊರೊನಾದಾಗ
ಮಗಳ ಪಾಠಕ್ಕೆ ಅಂತ ಒಯ್ದೋನು ತರ್ನೇ ಇಲ್ಲ.
ಹುಡುಗಿ ಈಗ ಡಿಪ್ಲೊಮಾ, ಅದ್ರಾಗೇ ಓದ್ತಾಳೆ, ಬುಡು.
ಎರಡರ ಕರುಳು ಕಿತ್ತು ಶೆಣೈ ಸಾರ್‌ದಕ್ಕೆ ಹಾಕುದ್ರು.
ಬರೀ ಗೂಡು ಅಟ್ಟದ ಮ್ಯಾಲವೆ,
ಒಂದ್ರೊಳಗೆ ಬೆಕ್ಕು ಮರಿ ಹಾಕೈತೆ.”

೦೧೩೧ ಸಿಕ್ಕಿತು, ಟೀ ಕೋಣೆಯಲ್ಲಿ.
ಯಂತ್ರ ಯಾವತ್ತೋ ಗುಜರಿಗೆ ಹೋಗಿತ್ತು,
ಸ್ಟಿಕ್ಕರು ಮಾತ್ರ ನೀರಿನ ಫಿಲ್ಟರಿನ ಮೈಮೇಲೆ
ಯಾರದೋ ತಮಾಷೆಗೆ ಅಂಟಿಕೊಂಡು
ತೊಟ ತೊಟ ಸೋರುತ್ತಿತ್ತು.
ಐದನೆಯದು ನನ್ನದೇ ತಪ್ಪು. ಹೆಸರು ಬದಲಾದ ಒಂದೇ ಯಂತ್ರ,
ತವರಿನ ರೇಷನ್ ಕಾರ್ಡಿನಲ್ಲೂ ಗಂಡನ ಮನೆಯದರಲ್ಲೂ
ಉಳಿದುಹೋದ ಹೆಣ್ಣಿನಂತೆ ಎರಡು ಸಾಲು.

ಲೆಕ್ಕ ಕೂಡಿತು. ಲ್ಯಾಪ್‌ಟಾಪು ಮುಚ್ಚಬಹುದಿತ್ತು.

“ಇನ್ನೊಂದೈತೆ,” ಅಂದಳು. “ನಿನ್ನ ಪಟ್ಟೀಲಿ ಇಲ್ದಿದ್ದು.”

ಮೆಟ್ಟಿಲ ಕೆಳಗೆ, ಫಿನಾಯಿಲ್ ಕ್ಯಾನುಗಳ ಹಿಂದೆ,
ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದ ಒಂದು ಡಬ್ಬಿ.
ಸ್ಟಿಕ್ಕರಿಲ್ಲ. ಜಾಲದಲ್ಲಿ ಸುಳಿವಿಲ್ಲ.
ಫ್ಯಾನು ದಮ್ಮಿನವರಂತೆ ಏಳುತ್ತ ಬೀಳುತ್ತ,
ಹಣೆಯಲ್ಲಿ ಹದಿನಾರು ದಸರೆಯ ಕುಂಕುಮ
ಒಂದರ ಮೇಲೊಂದು ಕೂತು ರೂಪಾಯಿಯಷ್ಟು ದಪ್ಪ.
ಪಾಳಿ ಬದಲಾಗುವಾಗ ಸೈರನ್ನು ಕೂಗಿಸುವುದು ಇದೇ ಅಂತೆ.
ಬಿಟ್ಟುಹೋದ ಯಾರೋ ಹುಡುಗ ಅವಳಿಗೆ ಹೇಳಿದ್ದನಂತೆ,
“ಒಣ ಬಟ್ಟೇಲಿ ಒರೆಸಕ್ಕ, ನೀರು ತಾಗಿಸಬೇಡ.”
ಪ್ರತಿ ಮಂಗಳವಾರ ಒರೆಸುತ್ತಾಳೆ.

ಹೊಸ ಸಾಲು ತೆರೆದೆ.
ತಯಾರಕರು: ಗೊತ್ತಿಲ್ಲ. ಕೊಂಡ ದಿನ: ಗೊತ್ತಿಲ್ಲ.
ಪರದೆ ಒಪ್ಪಿತು.
ಜವಾಬ್ದಾರರು, ಪಕ್ಕದಲ್ಲಿ ಕೆಂಪು ಚುಕ್ಕಿ, ಕಡ್ಡಾಯ.
ಅವಳ ಹೆಸರು ಒತ್ತಿದೆ.
‘ಇಂಥ ಉದ್ಯೋಗಿ ಇಲ್ಲ.’
ಅಕ್ಷರ ತಪ್ಪಿತೇನೋ ಎಂದು ಅಳಿಸಿ ಮತ್ತೆ ಒತ್ತಿದೆ.
ಇಲ್ಲ.

ಅವಳಿರುವುದು ದಾಸರಹಳ್ಳಿಯ ಏಜೆನ್ಸಿಯ ಬಿಲ್ಲಿನಲ್ಲಿ.
ಅಲ್ಲೂ ಹೆಸರಿಲ್ಲ.
‘ಹೆಂಗಸರು, ಏಳು.’

“ಏನು ಬರ್ದೆ?” ಕೇಳಿದಳು.
ಬರೀತಿದೀನಿ, ಎಂದೆ.

ನಾಲ್ಕು ಐವತ್ತೆಂಟಕ್ಕೆ ವರದಿ ಹೋಯಿತು: ವ್ಯತ್ಯಾಸ, ಸೊನ್ನೆ.
ಆ ಸಾಲು ನನ್ನ ಪರದೆಯಲ್ಲಿ ಅರ್ಧಕ್ಕೆ ನಿಂತು
ಉಳಿಸಲೇ, ಬಿಡಲೇ ಎಂದು ಕೇಳುತ್ತಲೇ ಇತ್ತು,

ಮೆಟ್ಟಿಲ ಕೆಳಗಿನಿಂದ ಸೈರನ್ನು ಕೂಗಿತು.
ಲೇತುಗಳು ಒಂದೊಂದಾಗಿ ಬಾಯಿ ಮುಚ್ಚಿದವು.
ಹೊನ್ನಗಂಗಮ್ಮ ಮಾಪು ಗೋಡೆಗೊರಗಿಸಿ,
ಸೆರಗಿನಲ್ಲಿ ಮುಖ ಒರೆಸಿ, ಬಾಗಿಲಲ್ಲಿ ತಿರುಗಿ
ಕೇಳಿದಳು: “ಬೆಕ್ಕಿನ ಮರಿ ಒಂದು ಉಳದೈತೆ, ಬೇಕಾ?”