ನಡಾವಳಿಯಲ್ಲಿ ಸೇರದ್ದು

ಕೀಥ್ಲಿ, ಯಾರ್ಕ್‌ಷೈರ್. ಗ್ರಂಥಾಲಯದ ಹಿಂಬದಿ ಕೋಣೆ.
ಹಾಜರಿದ್ದವರು ಏಳು. ಕೋರಂಗೆ ಆರು ಸಾಕು.
ಮಿನಿಟ್ಸ್ ಬರೆಯುವುದು ನಾನು:
ನಾಲ್ಕು ವರ್ಷದ ಹಿಂದೊಂದು ಸಂಜೆ
ನನ್ನೊಬ್ಬಳ ಬಳಿ ಪೆನ್ನಿತ್ತು, ಕಾರ್ಯದರ್ಶಿಯಾದೆ.

ಬೊಹ್ದಾನ್ ಲೆಕ್ಕ ಓದಿದ.
ಉಳಿಕೆ ಇನ್ನೂರ ಹದಿನಾಲ್ಕು ಪೌಂಡು, ಮೂವತ್ತೇಳು ಪೆನ್ನಿ.
ನಮ್ಮ ಹೊಳೆಯ ಹೆಸರು ವರ್ತ್,
ಬೆಲೆ ಅನ್ನಿ, ಯೋಗ್ಯತೆ ಅನ್ನಿ.
ಅದಕ್ಕಾಗಿ ಈ ವರ್ಷ ನಾವು ಮಾಡಿದ ಖರ್ಚು
ಕೈಗವಸು, ಹಗ್ಗ, ಬಿಸ್ಕತ್ತು.
ಬಿಸ್ಕತ್ತು ಹೆಚ್ಚಾಯಿತೆಂದು ನಸ್ರೀನ್ ಆಕ್ಷೇಪಿಸಿದ್ದು ದಾಖಲಾಗಿದೆ.
ಆಕ್ಷೇಪಿಸುತ್ತಲೇ ಮೂರನೆಯದನ್ನು
ಚಹಾದಲ್ಲಿ ಅದ್ದಿದ್ದು ಆಗಿಲ್ಲ.

ಆಮೇಲೆ ಥೆಲ್ಮಾ ಅಕ್ರಾಯ್ಡ್ ಎದ್ದು ನಿಂತಳು.
ನಿಂತರು.
(ಇಂಗ್ಲಿಷಿನಲ್ಲಿ ಬರೆಯುವಾಗ ಈ ಕಷ್ಟವಿಲ್ಲ.
ಎಪ್ಪತ್ತಾರು ವಯಸ್ಸು, ಬಹುವಚನ ಸಲ್ಲಬೇಕು;
ಸೊಂಟದುದ್ದ ನೀರಲ್ಲಿ ನನ್ನ ರಟ್ಟೆ ಹಿಡಿದು ನಿಂತವಳು,
ಏಕವಚನವೂ ಸಲ್ಲಬೇಕು.)
ಮೂವತ್ತು ವರ್ಷ ಊರ ಬಸ್ಸು ಓಡಿಸಿದವಳು
ಸಭೆಯನ್ನೂ ಹಾಗೇ ನಡೆಸಿದಳು ಹನ್ನೆರಡು ವರ್ಷ:
ಹತ್ತುವವರು ಹತ್ತಿ, ಇಳಿಯುವವರು ಇಳೀರಿ,
ಬಾಗಿಲಲ್ಲಿ ನಿಂತು ಹರಟಬೇಡಿ.

'ಇದು ನನ್ನ ಸ್ಟಾಪು' ಅಂದಳು.
ಕೆಂಪು ಉಣ್ಣೆದಾರ ಕಟ್ಟಿದ ಶೆಡ್ಡಿನ ಬೀಗದಕೈ
ಮೇಜಿನ ನಡುವೆ ಇಟ್ಟಳು.

ಬೊಹ್ದಾನ್ ಕನ್ನಡಕ ಒರೆಸಿದ, ಒರೆಸುತ್ತಲೇ ಇದ್ದ.
ಭೂಮಿಯ ಬಿಸಿಯನ್ನು ದಶಮಾಂಶದಲ್ಲಿ ಬಲ್ಲ
ಕಾಲೇಜಿನ ರೀಸ್‌ಗೆ ತನ್ನ ಶೂ ಲೇಸು ಹೊಸದಾಗಿ ಕಂಡಿತು.
ನಸ್ರೀನ್‌ಳ ಮೂವರು ಮಕ್ಕಳು ಒಮ್ಮೆಗೇ ಫೋನು ಮಾಡಿದರೇನೋ.
'ಚರ್ಚೆ ನಡೆಯಿತು' ಎಂದು ಬರೆದೆ.

'ನಿಮ್ಮ ಭಾಷೆಯಲ್ಲಿ ಈ ಹುದ್ದೆಗೆ ಏನಂತಾರೆ?'
ಮೌನ ಒಡೆಯಲು ಕೇಳಿದ್ದು ಥೆಲ್ಮಾನೇ.
ಅಧ್ಯಕ್ಷ, ಎನ್ನಹೋದೆ. ಆ ಮಾತಿಗೆ
ಹಾರ ತುರಾಯಿ ಶಾಲಿನ ವಾಸನೆ.
ಮುಂದಾಳು, ಅಂದೆ.
ಮುಂದೆ ನಿಲ್ಲುವ ಆಳು.
ಆಳು ಅಂದರೆ ರಾಜ್ಯ ಆಳು ಎನ್ನುವ ಆಳೂ ಹೌದು,
ದಿನಗೂಲಿಯ ಆಳೂ ಹೌದು.
'ಎರಡಕ್ಕೂ ಒಂದೇ ಪದವಾ? ಮತ್ತೆ
ಯಾವುದು ಅಂತ ತಿಳಿಯೋದು ಹೇಗೆ?'
ನನಗೆ ತೋಚಲಿಲ್ಲ. ಲೋಟ ಎತ್ತಿಕೊಂಡ ಅವಳ ಉಗುರಲ್ಲಿ
ಶನಿವಾರದ ಕೆಸರು ಮಂಗಳವಾರವೂ ಇತ್ತು.

ಆಯ್ಕೆ ಮುಂದೂಡಲಾಯಿತು. ವಂದನಾರ್ಪಣೆ ಮರೆತುಹೋಯಿತು.
ಬೀಗದಕೈ ಮೇಜಿನ ಮೇಲೇ ಉಳಿಯಿತು.
ಮರುದಿನ ಗ್ರಂಥಾಲಯದವರು ಫೋನು ಮಾಡಿದ್ದು
ಕಾರ್ಯದರ್ಶಿಗೆ.

ಮೂರು ರಾತ್ರಿ ಆಸ್ಪತ್ರೆಯ ಪಾಳಿಯಲ್ಲಿ
ಸಮವಸ್ತ್ರದ ಜೇಬಿನಲ್ಲಿ ಪುಟ್ಟ ಟಾರ್ಚಿಗೆ ತಗುಲಿ
ಕಿಣಿಕಿಣಿ ಅನ್ನುತ್ತಿತ್ತು.
ಏಳನೇ ಹಾಸಿಗೆಯ ಮುದುಕ ಕೇಳಿದ,
'ಸಿಸ್ಟರ್, ಮನೆ ತಗೊಂಡ್ರಾ?'

ಶನಿವಾರ ಎಂಟು ಗಂಟೆ. ನಿದ್ದೆಗೆಟ್ಟ ಕಣ್ಣು,
ತಿರುಗದ ಬೀಗ.
'ಬಾಗಿಲು ಎತ್ತಿ ಒತ್ತಬೇಕು' ಅಂದಳು ಹಿಂದಿನಿಂದ
ಈಗ ಬರೀ ಸದಸ್ಯೆಯಾದ ಥೆಲ್ಮಾ,
ಎಲ್ಲರಿಗಿಂತ ಮೊದಲೇ ಬಂದು.

ಸೇತುವೆಯಡಿ ಸೂಪರ್‌ಮಾರ್ಕೆಟ್ಟಿನ ಗಾಡಿಯೊಂದು ಮುಳುಗಿತ್ತು.
ಹಗ್ಗ ಬಿಗಿದು ಇನ್ನೇನು ಎಳೆಯಬೇಕು,
ರೀಸ್ ಕೂಗಿದ, ತಡೀರಿ.
ಗಾಡಿಯೊಳಗೆ ಸಿಕ್ಕ ಒಡಕು ಹೆಂಚಿನ ತಳಕ್ಕೆ
ಅಂಟಿದ ಮೊಟ್ಟೆಯ ಗೊಂಚಲು, ಹಳದಿ;
ಪಕ್ಕದಲ್ಲೇ, ಹೆಬ್ಬೆರಳುದ್ದ, ಮೋರೆ ದಪ್ಪನೆ,
ನಮ್ಮನ್ನೇ ದುರುಗುಟ್ಟಿ ನೋಡುವ ಕಾವಲು ಮೀನು.

ಗಾಡಿ ಎಳೆಯುವುದೋ, ಬಿಡುವುದೋ.
ಹಗ್ಗ ಹಿಡಿದವರೆಲ್ಲ ಅಭ್ಯಾಸಬಲದಿಂದ
ಥೆಲ್ಮಾಳತ್ತ ತಿರುಗಿದರು.
ಥೆಲ್ಮಾ ನನ್ನತ್ತ.

ನೀರು ಮೊಣಕಾಲಿಗಿತ್ತು, ಕೊರೆಯುತ್ತಿತ್ತು.
ಪೆನ್ನು ದಡದಲ್ಲಿ, ಕೋಟಿನ ಜೇಬಿನಲ್ಲಿತ್ತು.