ನಾನೂರಾ ಹದಿನೇಳು

ಚಿಂಚೋಳಿ ಅಡವಿಯೊಳಗೆ, ಗೊಟ್ಟಂಗೊಟ್ಟ ದಾಟಿ
ಎರಡು ತಾಸು ನಡೆದ ಮೇಲೆ ಸಿಕ್ಕ ಕರಿಮತ್ತಿ.
ಬೊಡ್ಡೆಯ ತುಂಬ ಮೊಸಳೆಚರ್ಮ,
ಬಡಗಣ ಮಗ್ಗುಲಿಗೆ ಬೂದಿ ಬಳಿದಂತೆ ಅದು:
ಕಲ್ಲುಹೂ. ಕಲ್ಲಲ್ಲ, ಹೂವೂ ಅಲ್ಲ.
ಬೂಷ್ಟು ಮನೆ ಕಟ್ಟಿ, ಪಾಚಿ ಅಡಿಗೆ ಮಾಡಿ
ಒಂದೇ ಹೆಸರಿನಲ್ಲಿ ಬಾಳಿದ ಸಂಸಾರ.
"ಹಳೀ ಗಿಡಕ್ಕಾ ಕೂಡ್ತದರಿ ಇದು.
ನಾವು ಹಚ್ಚಿದ ಸಾಗವಾನಿಗಿ ಒಂದೂ ಹತ್ತಿಲ್ಲ."

ನಾನು ಮೊಣಕಾಲೂರಿ ಭೂತಗನ್ನಡಿ ಹಿಡಿದೆ.
ಥಾವರು ಬಾಟಲಿ ಎತ್ತಿ ಒಂದು ಗುಟುಕು ಕುಡಿದು
ಇನ್ನೊಂದನ್ನು ಅದರ ಮೇಲೆ ಉಗುಳಿದ.
ಬೂದಿಯೊಳಗಿಂದ ಹಸಿರು ಎದ್ದು ಬಂತು,
ಮೇ ತಿಂಗಳ ಆ ಬಿಸಿಲಲ್ಲಿ,
ಮಲಗಿದವರ ಹೆಸರು ಕೂಗಿದ ಹಾಗೆ.
ನಾನು ಬಣ್ಣ ಬರೆದುಕೊಳ್ಳುವಷ್ಟರಲ್ಲಿ
ಮತ್ತೆ ಬೂದಿ.

ನಮೂನೆಯಲ್ಲಿ ಹದಿನಾಲ್ಕು ಕಾಲಂ.
ಅಗಲ: ಎರಡು ಗೇಣು.
ವಯಸ್ಸು: ಥಾವರುನ ತಾಂಡಾಕ್ಕಿಂತ ಹಿರಿಯದು,
ಅಷ್ಟು ಬರೆಯಲು ಆ ಚೌಕದಲ್ಲಿ ಜಾಗವಿಲ್ಲ.
ಸ್ಥಿತಿ: ಅಳಿವಿನಂಚು, ಅಪಾಯ, ಚಿಂತೆಯಿಲ್ಲ,
ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ, ಪರಿಶೀಲಿಸಿಲ್ಲ.
ಇದೆ ಅಂತ ಯಾರೂ ಬರೆದಿಲ್ಲ;
ಇಲ್ಲವಾಗುತ್ತಿದೆ ಅಂತ ಹೇಗೆ ಬರೆಯುವುದು?

ಕಲಬುರಗಿಯ ಕಿರಾಣಾ ಬಜಾರದಲ್ಲಿ
ಇದರ ಬಳಗವನ್ನು ಗೋಣಿಯಲ್ಲಿ ತುಂಬಿಡುತ್ತಾರೆ.
"ದಗಡಫೂಲ್. ತಹರಿದ ಜಾನ್ ಇದಾ ನೋಡ್ರಿ ಬಾಯಿ"
ಎನ್ನುವ ಮುನವ್ವರ್ ಸಾಬರನ್ನು
ಎಲ್ಲಿಂದ ಬರ್ತದೆ ಅಂತ ಕೇಳಿದರೆ "ಮ್ಯಾಲಿಂದ."
ಹಿಮಾಲಯವೋ, ಹೋಲ್‌ಸೇಲಿನವನೋ, ದೇವರೋ.
ಹತ್ತು ರೂಪಾಯಿಗೆ ಒಂದು ಹಿಡಿ,
ಎಷ್ಟು ಗಿಡದ ಎಷ್ಟು ವರ್ಷ,
ಕಾದ ಎಣ್ಣೆಯಲ್ಲಿ ಒಂದು ಉಸಿರು.
ನಾನೂ ಹಾಕುತ್ತೇನೆ. ಮೊನ್ನೆಯೂ ಹಾಕಿದೆ.

ಹೊರಡುವಾಗ ಥಾವರು ಬಿಳಿ ಬಣ್ಣ ತೋರಿಸಿದ.
ರಸ್ತೆಗೆಂದು ಕಡಿಯಲು ಹಾಕಿದ ನಂಬರು.
ಅವನು ನೌಕರಿಗೆ ಸೇರಿದ ವರ್ಷ,
ಡಬ್ಬಿ ಹಿಡಿದವನು ಅವನೇ.
ನಾನೂರಾ ಹದಿನೇಳು.
ರಸ್ತೆ ಬರಲಿಲ್ಲ. ಬಂದದ್ದು ಇದು,
ಮೇಲಿನಿಂದ, ವರ್ಷಕ್ಕೊಂದು ಎಳ್ಳಿನಷ್ಟು ಇಳಿದಿಳಿದು
ಏಳರ ಟೊಪ್ಪಿಗೆ ತಿಂದು ಮುಗಿಸಿದೆ.
"ಈಗ ನಾನೂರಾ ಹನ್ನೊಂದು ಆಗ್ಯಾದ ನೋಡ್ರಿ.
ಖರೇ ಹನ್ನೊಂದು ನಾಲಾ ದಂಡ್ಯಾಗ ಇತ್ತು,
ಗಾಳಿಗಿ ಬಿದ್ದು ಐದು ವರ್ಷ ಆತು.
ಲಿಸ್ಟ್ ಹಿಡಕೊಂಡು ಬಂದವರು
ಇದೂ ಬಿದ್ದದ ಅಂತ ಹೋಗ್ತಾರ."
ಅವನು ನಗಲಿಲ್ಲ. ಬೀಡಿ ಹಚ್ಚಲಿಲ್ಲ, ಅಡವಿಯಲ್ಲಿ ಹಚ್ಚುವುದಿಲ್ಲ.

ಪೆನ್ನಿನ ಮೂತಿ ಕಚ್ಚಿಕೊಂಡು ನಿಂತೆ.
ಗಿಡದ ಸಂಖ್ಯೆ ಎಂಬಲ್ಲಿ
ಕಂಡದ್ದನ್ನು ಮಾತ್ರ ಬರೆಯಬೇಕೆಂದು
ಕೆಳಗೆ ಸೂಚನೆ ಇದೆ.
ಕಂಡದ್ದನ್ನೇ ಬರೆದೆ:
೪೧೧.